ಮಡಿಕೇರಿಯ ರಾಜರ ಗದ್ದುಗೆ

ಕೊಡಗನ್ನು ಆಳಿದ ಹಾಲೇರಿ ವಂಶದ ಅರಸರ ಸಮಾಧಿಸ್ಥಳ. ಮಡಿಕೇರಿ ಪಟ್ಟಣದ ಮಹದೇವಪೇಟೆಯ ಕಡೆಯ ಎತ್ತರದ ನೆಲದಲ್ಲಿದೆ. ಗದ್ದುಗೆ ಎಂದರೆ ಆಸನ, ಸಿಂಹಾಸನ; ಗುರುಗಳ ಮತ್ತು ಅರಸರ ಸಮಾಧಿಗೂ ಇದೇ ಹೆಸರು ಬಳಕೆಯಲ್ಲಿದೆ.

ಹಾಲೇರಿ ಅರಸರು ವೀರಶೈವರು. 17ನೆಯ ಶತಮಾನದಲ್ಲಿ ಮುದ್ದುರಾಜ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದ. ವೀರಶೈವರಲ್ಲಿ ಶವವನ್ನು ಸುಡುವುದಿಲ್ಲ. ಶವಕ್ಕೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ಕುಳಿತ ಭಂಗಿಯಲ್ಲಿ ಹೂಳುತ್ತಾರೆ. ಮಡಿಕೇರಿಯಲ್ಲಿ ಸಮಾಧಿಯ ಮೇಲೆ ಗುಮ್ಮಟ ಎದ್ದಿತು.

ನಡುವಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯರ ಸಮಾಧಿಗಳಿವೆ. ಟಿಪ್ಪುವಿನ ಸೆರೆಯಲ್ಲಿದ್ದ ವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮರಳಿ ಕಟ್ಟಿದ, 1809ರಲ್ಲಿ ತೀರಿಕೊಂಡ. ಮಹದೇವಪೇಟೆಗೆ ಹೆಸರು ಬಂದದ್ದು ಈ ರಾಣಿಯಿಂದ. ಪಕ್ಕದ ಕಟ್ಟಡ ಅವನ ತಮ್ಮ ಲಿಂಗರಾಜೇಂದ್ರನದು. 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಮೂರನೆಯದು ರಾಜಗುರು ರುದ್ರಪ್ಪನವರ ಸಮಾಧಿ, 1834ರದು. ಸೇನಾಧಿಕಾರಿ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಹತ್ತಿರದಲ್ಲಿವೆ.

ದೂರದಿಂದ ನೋಡಿದವರಿಗೆ ಇವು ಮುಸಲ್ಮಾನ ಸುಲ್ತಾನರ ಗೋರಿಗಳಂತೆ ಕಾಣುತ್ತವೆ: ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹತ್ತಿರ ಹೋದರೆ ಮಿನಾರುಗಳ ಬಳಿ ಕುಳಿತ ನಂದಿಗಳು ಕಣ್ಣಿಗೆ ಬೀಳುತ್ತವೆ. ಬಾಗಿಲವಾಡಗಳು ಕೆತ್ತಿದ ಕಲ್ಲಿನವು, ಕಿಟಕಿಗಳಿಗೆ ಹಿತ್ತಾಳೆಯ ಸರಳು. ಒಳಗೆ ಪೂಜೆಗೊಳ್ಳುವುದು ಶಿವಲಿಂಗ. ಲಿಂಗರಾಜೇಂದ್ರ 1820ರಲ್ಲಿ ಪೂರೈಸಿದ ಓಂಕಾರೇಶ್ವರ ದೇವಾಲಯದಲ್ಲೂ ಇದೇ ಬೆರಕೆ ಶೈಲಿಯಿದೆ.

ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಗೆ ಈ ನೆಲ ದಕ್ಕಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ ಅವನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.