ಸೂರನ್ನು ಎತ್ತುವ ಗಾಳಿ

ಬಿರುಗಾಳಿ ಬೀಸಿದ ಮರುದಿನ ‘ಶಾಲೆಯ ತಗಡು ಹಾರಿಹೋಯಿತು’ ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ಗಾಳಿ ಬೀಸುವುದು ಅಡ್ಡಲಾಗಿ. ಹಾಗಿದ್ದರೆ ತಗಡು ಮೇಲಕ್ಕೆ ಏಳುವುದೇಕೆ? ಈ ಸರಳ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲು ಬಹುಕಾಲ ಹಿಡಿಯಿತು.

1687ರಲ್ಲಿ ನ್ಯೂಟನ್, ಹರಿಯುವ ವಸ್ತುವಿನ ತಡೆಯನ್ನು ಅಸಂಖ್ಯ ಕಣಗಳ ಬಡಿತವೆಂದು ಭಾವಿಸಿ ಲೆಕ್ಕ ಹಾಕಿದ. ಆ ದೃಷ್ಟಿಯಲ್ಲಿ ಗಾಳಿ ಎದುರಿಗೆ ಸಿಕ್ಕಿದ್ದನ್ನು ತಳ್ಳುತ್ತದೆ, ಅಷ್ಟೆ. ಇಳಿಜಾರಾದ ಚಾವಣಿಯನ್ನು ಅದು ಕೆಳಕ್ಕೆ ಒತ್ತುತ್ತದೆಂದೇ ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಸಾಮಾನ್ಯವಾಗಿ ನಂಬಿದ್ದರು. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ಸೇತುವೆ ಬಿರುಗಾಳಿಯಲ್ಲಿ ಕುಸಿಯಿತು. ಅದರ ಮೇಲಿದ್ದ ರೈಲಿನಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಬಳಿಕ ಬ್ರಿಟನ್ನಿನ ರೈಲ್ವೆ ಸೇತುವೆಗಳಿಗೆ ಚದರ ಅಡಿಗೆ 56 ಪೌಂಡಿನಷ್ಟು ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮ ಬಂದಿತು. ಆದರೆ ಅದೂ ತಳ್ಳುವ ಗಾಳಿಯ ಲೆಕ್ಕವೇ.

ಎಳೆಯುವ ಗಾಳಿಯನ್ನು ಅಳೆದು ತೋರಿಸಿದವರಲ್ಲಿ ಮೊದಲಿಗರು ಡೆನ್ಮಾರ್ಕಿನ ಇರ್ಮಿಂಗರ್. ಇವರು ಕೋಪನ್‌ಹೇಗನ್ ನಗರದ ಅನಿಲ ಕಾರ್ಖಾನೆಯ ಎಂಜಿನಿಯರು. 1890ರ ದಶಕದಲ್ಲಿ ಅವರು ಎತ್ತರದ ಹೊಗೆಗೊಳವೆಯ ಸೆಳೆತವನ್ನೇ ಬಳಸಿಕೊಂಡು ಪುಟ್ಟದೊಂದು ಗಾಳಿಸುರಂಗ ಮಾಡಿ, ಅದರಲ್ಲಿ ಮನೆಯ ಮಾದರಿಯನ್ನಿಟ್ಟರು. ಚಾವಣಿಯ ಮರೆಬದಿಯಲ್ಲಿ ಒತ್ತಡ ಸುತ್ತಲಿನ ವಾಯುಭಾರಕ್ಕಿಂತ ಕಡಿಮೆಯಾಗಿತ್ತು! ಅಂದರೆ ಅಲ್ಲಿ ಗಾಳಿ ಚಾವಣಿಯನ್ನು ಹೊರಕ್ಕೆ ಸೆಳೆಯುತ್ತಿತ್ತು.

ಈ ಸೆಳೆತದ ಪೆಟ್ಟು ಹೆಚ್ಚಾಗಿ ತಗಲುವುದು ಗೋಡೆಯಿಂದಾಚೆ ಚಾಚಿದ ಸೂರಿಗೆ. ಗೋಡೆಗೆ ಬಡಿದ ಗಾಳಿ ಸೂರಿನ ಕೆಳಗೆ ತಡೆದು ನಿಂತು ಮೇಲಕ್ಕೆ ಒತ್ತುತ್ತದೆ. ಅಂಚನ್ನು ದಾಟಿ ಹೋದ ಗಾಳಿ ಮೇಲಿನಿಂದ ಸೆಳೆಯುತ್ತದೆ. ಎರಡೂ ಕೂಡಿಕೊಳ್ಳುತ್ತವೆ. ಸೂರಿನ ಅಡಿಗೆ ಹಲಗೆ ಹೊಡೆದಿದ್ದರೆ ಕೆಳಗಿನ ಒತ್ತಡ ಮೊದಲು ಬೀಳುವುದು ಆ ಹಲಗೆಯ ಮೇಲೆ. ಕಟ್ಟಡದ ಮರೆಬದಿಯಲ್ಲಾದರೋ ಅದೇ ಹಲಗೆಯನ್ನು ಗಾಳಿ ಕೆಳಕ್ಕೆ ಎಳೆಯಬಹುದು. ಆದ್ದರಿಂದ ಮೊಳೆಗಳು ಎರಡೂ ದಿಕ್ಕಿನ ಬಲವನ್ನು ತಾಳಬೇಕು.

ಭಾರತೀಯ ಮಾನಕ 875ರ ಮೂರನೆಯ ಭಾಗ ಈ ಲೆಕ್ಕವನ್ನು ಸೂತ್ರವಾಗಿಸಿದೆ. 1987ರ ಆವೃತ್ತಿಯಲ್ಲಿ ಸೂರಿನ ಅಡಿಮೈಗೆ ಗುಣಾಂಕಗಳಿವೆ: ಕೆಳಕ್ಕೆ ಇಳಿದ ಸೂರಿಗೆ 1.25, ಸಮತಲಕ್ಕೆ 1, ಮೇಲಕ್ಕೆ ಎತ್ತಿದ್ದಕ್ಕೆ 0.75. ಇಳಿದ ಸೂರು ಗಾಳಿಯನ್ನು ಬೊಗಸೆಯಂತೆ ಹಿಡಿದಿಡುವುದರಿಂದ ಅದಕ್ಕೆ ಹೆಚ್ಚು. ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 653 ನ್ಯೂಟನ್, ಸುಮಾರು 67 ಕೆ.ಜಿ. ಭಾರಕ್ಕೆ ಸಮ. ಸಮತಲ ಸೂರನ್ನು ಇಷ್ಟು ಬಲ ಕೆಳಗಿನಿಂದಲೇ ಎತ್ತುತ್ತದೆ. ಮೇಲಿನ ಸೆಳೆತ ಬೇರೆ. ಸಾಮಾನ್ಯ ತಗಡಾದರೋ ಚದರ ಮೀಟರಿಗೆ ಹತ್ತು ಕೆ.ಜಿ.ಯೂ ತೂಗುವುದಿಲ್ಲ!

ಹೀಗಾಗಿ ಚಾವಣಿಯನ್ನು ಕಾಯುವುದು ಅದರ ತೂಕವಲ್ಲ, ಅದನ್ನು ಹಿಡಿದಿಟ್ಟ ಬೋಲ್ಟುಗಳು. ನಾಳೆ ನಿಮ್ಮ ಶಾಲೆಯ ಸೂರಿನ ಕೆಳಗೆ ನಿಂತು ತಲೆಯೆತ್ತಿ ನೋಡಿ. ತುಕ್ಕು ಹಿಡಿದ ಅಥವಾ ಕಳಚಿದ ಒಂದು ಬೋಲ್ಟು ಕಂಡರೂ ಗುರುಗಳಿಗೆ ತಿಳಿಸಿ. ಮಳೆಗಾಲ ಬರುವವರೆಗೆ ಕಾಯಬೇಡಿ.