ಮಾಳಿಗೆಯ ಮಳೆ ಎಲ್ಲಿಗೆ ಹೋಗುತ್ತದೆ?

ಸ್ಪೇನಿನ ಇಬಿಝಾ ದ್ವೀಪದಲ್ಲಿ ಮನೆ ಮಾರುವವರ ಜಾಹೀರಾತುಗಳಲ್ಲಿ ಒಂದು ಬಗೆಯ ಮನೆ ಮತ್ತೆ ಮತ್ತೆ ಕಾಣಿಸುತ್ತದೆ. ಹಳ್ಳಿಗಾಡಿನ ನಡುವೆ, ಬಾದಾಮಿ ಮರಗಳಾಚೆ, ಪೆಟ್ಟಿಗೆ ಜೋಡಿಸಿಟ್ಟಂತೆ ಕಾಣುವ ಬಿಳಿ ಕೋಣೆಗಳು. ಒಳಗೆ ಮರದ ತೊಲೆಗಳು. ಕಟ್ಟಡ ಹೊಸದು, ಶೈಲಿ ಸಾಂಪ್ರದಾಯಿಕ. ಆದರೆ ಇಂಥ ಮನೆಯನ್ನು ಮೊದಲು ಕಟ್ಟಿದವರಿಗೆ ಅದು ಶೈಲಿಯೇ ಆಗಿರಲಿಲ್ಲ.

ದ್ವೀಪದ ರೈತರು ವಾಸ್ತುಶಿಲ್ಪಿಯ ಹಂಗಿಲ್ಲದೆ ಮನೆ ಕಟ್ಟಿಕೊಳ್ಳುತ್ತಿದ್ದರು. ನಡುವೆ ‘ಪೋರ್ಶೊ’ ಎಂಬ ಉದ್ದನೆಯ ಪಡಸಾಲೆ. ಸಂಸಾರ ಬೆಳೆದಂತೆ ಅದಕ್ಕೆ ಅಂಟಿಕೊಂಡು ಒಂದೊಂದೇ ಕೋಣೆ ಏಳುತ್ತಿತ್ತು. ತೊಲೆಗೆ ಅಲ್ಲಿಯೇ ಬೆಳೆಯುವ ಸಬೀನಾ ಮರ; ಆ ಮರ ಎಷ್ಟುದ್ದ ಸಿಗುತ್ತದೋ ಕೋಣೆ ಅಷ್ಟೇ ಅಗಲ. ತೊಲೆಗಳ ಮೇಲೆ ದಡಕ್ಕೆ ಬಂದುಬಿದ್ದ ಒಣ ಸಮುದ್ರಹುಲ್ಲು, ಅದರ ಮೇಲೆ ಜೇಡಿಮಣ್ಣು. ಹುಲ್ಲು ಬಿಸಿಲ ಧಗೆಯನ್ನು ತಡೆದರೆ ಮಣ್ಣು ಮಳೆಯನ್ನು ತಡೆಯುತ್ತಿತ್ತು. ಕಿಟಕಿಗಳು ಚಿಕ್ಕವು, ಗೋಡೆಗಳು ದಪ್ಪ. ಮಳೆ ಕಡಿಮೆಯಿರುವ ಊರಾದ್ದರಿಂದ ಮಾಳಿಗೆಯ ನೀರನ್ನು ನೆಲದಡಿಯ ತೊಟ್ಟಿಗೆ ಇಳಿಸುತ್ತಿದ್ದರು. ಸಮತಟ್ಟು ಮಾಳಿಗೆ ಅವರಿಗೆ ಅಂದಕ್ಕಿಂತ ಹೆಚ್ಚಾಗಿ ಕುಡಿಯುವ ನೀರಿನ ದಾರಿಯಾಗಿತ್ತು.

ಈ ಮನೆಗಳತ್ತ ಹೊರಗಿನವರ ಕಣ್ಣು ಬಿದ್ದದ್ದು 1930ರ ದಶಕದಲ್ಲಿ. ಬರ್ಲಿನ್ನಿನ ದಾದಾ ಕಲಾವಿದ ರಾವುಲ್ ಹೌಸ್‌ಮನ್ 1933ರಲ್ಲಿ ನಾಜಿ ಜರ್ಮನಿಯನ್ನು ತೊರೆದು ಇಲ್ಲಿಗೆ ಬಂದರು. ರೈತರ ಮನೆಗಳ ಫೋಟೋ ತೆಗೆದರು, ನಕ್ಷೆ ಬರೆದರು. ಬಾರ್ಸಿಲೋನಾದ ವಾಸ್ತುಶಿಲ್ಪಿ ಜೋಸೆಪ್ ಲುಯಿಸ್ ಸೆರ್ಟ್ ಮತ್ತು ಗೆಳೆಯರು ತಮ್ಮ ‘ಎ.ಸಿ.’ ಪತ್ರಿಕೆಯಲ್ಲಿ ಇವನ್ನು ಪ್ರಕಟಿಸಿದರು. ಅಲಂಕಾರವಿಲ್ಲದ, ಅಗತ್ಯಕ್ಕೆ ತಕ್ಕಷ್ಟೇ ಕಟ್ಟಿದ ಈ ಮನೆಗಳಲ್ಲಿ ಆಧುನಿಕ ವಾಸ್ತುಶಿಲ್ಪದ ಆದರ್ಶವೇ ಅವರಿಗೆ ಕಂಡಿತು. 1936ರ ಅಂತರ್ಯುದ್ಧ ಎಲ್ಲರನ್ನೂ ಚದುರಿಸಿತು. ಹೌಸ್‌ಮನ್ ದ್ವೀಪ ಬಿಟ್ಟರು, ಸೆರ್ಟ್ ಮುಂದೆ ಅಮೆರಿಕ ಸೇರಿದರು. ಮನೆಯ ಕೀರ್ತಿ ಮಾತ್ರ ಉಳಿಯಿತು. ಪ್ರವಾಸೋದ್ಯಮ ಬೆಳೆದಾಗ ಅದಕ್ಕೆ ಬೆಲೆಯೂ ಬಂತು.

ಇಂದಿನ ಹೊಸ ಮನೆಗಳಲ್ಲಿ ಬಿಳಿ ಗೋಡೆಯ ಹಿಂದೆ ಕಾಂಕ್ರೀಟ್ ಇರುತ್ತದೆ, ಅಂಗಳದಲ್ಲಿ ಈಜುಕೊಳ. ದ್ವೀಪದ ನಲ್ಲಿಗಳಿಗೆ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕಗಳೇ ದೊಡ್ಡ ಆಸರೆ. ಒಂದು ಕಾಲಕ್ಕೆ ಸೂರಿಗೆ ಹಾಸುತ್ತಿದ್ದ ಸಮುದ್ರಹುಲ್ಲು ಬೆಳೆಯುವ ಕಡಲತಳ 1999ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಾಡಿಗೆ ಎಷ್ಟು ಏರಿದೆಯೆಂದರೆ ಹೋಟೆಲುಗಳಲ್ಲಿ ದುಡಿಯುವವರಲ್ಲಿ ಕೆಲವರು ವ್ಯಾನುಗಳಲ್ಲಿ, ಡೇರೆಗಳಲ್ಲಿ ಮಲಗುತ್ತಾರೆ. ಕೈಗೆ ಸಿಕ್ಕಿದ್ದರಲ್ಲೇ ಮನೆ ಕಟ್ಟಿಕೊಳ್ಳಬಹುದೆಂದು ತೋರಿಸಿದ ದ್ವೀಪ ಅದು.

ಹೊಸ ಮನೆಯಲ್ಲಿ ಹಳೆಯದು ಎಷ್ಟು ಉಳಿದಿದೆ ಎಂದು ತಿಳಿಯಲು ಗೋಡೆಯ ಬಣ್ಣ ನೋಡಿದರೆ ಸಾಲದು. ಮಾಳಿಗೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು.