ತಾಯಿಯನ್ನು ಹೋಲದ ಮಗು: ಸಾಲ್ಪದ ಬದುಕು ಮತ್ತು ‘ನಾನು’ ಎಂಬ ಪ್ರಶ್ನೆ

‘ನೀನು ಯಾರು?’ ಎಂದು ಕೇಳಿದರೆ ಲೋಕವ್ಯವಹಾರದಲ್ಲಿ ನಾವು ಊರು, ಭಾಷೆ, ವಂಶ ಎಂಬ ಮೂರನ್ನು ಮುಂದಿಟ್ಟು ಉತ್ತರಿಸುತ್ತೇವೆ. ಈ ಮೂರೂ ಪರಸ್ಪರ ಹೊಂದದಿದ್ದಾಗ ಮನುಷ್ಯನು ಏನೆಂದು ಉತ್ತರಿಸಬೇಕು? ಈ ಸಂಕಟವನ್ನು ಆಳವಾಗಿ ಅನುಭವಿಸಿದ ಕವಿಯೊಬ್ಬನು ಸಮುದ್ರದ ಒಂದು ಅಲ್ಪಜೀವಿಯಲ್ಲಿ ಇದೇ ಪ್ರಶ್ನೆಯ ವಿಲಕ್ಷಣ ರೂಪವನ್ನು ಕಂಡನು. ವಿಜ್ಞಾನದ ಇತಿಹಾಸದಲ್ಲಿ ಇದು ಮನನಯೋಗ್ಯವಾದ ಪ್ರಸಂಗ.

ಅಡೆಲ್ಬರ್ಟ್ ಫಾನ್ ಷಾಮಿಸ್ಸೊ 1781ರಲ್ಲಿ ಫ್ರಾನ್ಸಿನ ಶಾಂಪೇನ್ ಪ್ರಾಂತದ ಶ್ರೀಮಂತ ಮನೆತನದಲ್ಲಿ ಹುಟ್ಟಿದನು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಕುಟುಂಬವು ದೇಶ ಬಿಟ್ಟು ಕೊನೆಗೆ ಬರ್ಲಿನ್ ಸೇರಿತು. ಹುಟ್ಟಿದಾಗ ಇಟ್ಟ ಫ್ರೆಂಚ್ ಹೆಸರು ಜರ್ಮನ್ ಹೆಸರಾಯಿತು. ಮಾತೃಭಾಷೆ ಫ್ರೆಂಚಾದರೂ ಅವನ ಕಾವ್ಯದ ಭಾಷೆ ಜರ್ಮನ್ ಆಯಿತು. ಪ್ರಷ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದಾಗ, 1806ರಲ್ಲಿ, ತನ್ನ ಜನ್ಮಭೂಮಿಯ ಸೈನ್ಯವೇ ಅವನಿಗೆ ಶತ್ರುವಾಗಿ ಎದುರು ನಿಂತಿತು. ಜರ್ಮನರ ನಡುವೆ ಫ್ರೆಂಚನಾಗಿ, ಫ್ರೆಂಚರ ನಡುವೆ ಜರ್ಮನನಾಗಿ, ಎಲ್ಲಿಯೂ ಪೂರ್ಣವಾಗಿ ಸಲ್ಲದವನಾಗಿ ಅವನು ಬಾಳಿದನು.

1813ರಲ್ಲಿ ನೆಪೋಲಿಯನ್ನನ ವಿರುದ್ಧ ಯುದ್ಧ ಎದ್ದಾಗ ಷಾಮಿಸ್ಸೊ ಬರ್ಲಿನ್ನಿನಿಂದ ದೂರದ ಹಳ್ಳಿಯೊಂದರಲ್ಲಿ ಕುಳಿತು ‘ಪೀಟರ್ ಷ್ಲೆಮಿಲ್’ ಎಂಬ ಕಥೆಯನ್ನು ಬರೆದನು. ಎಂದೂ ಬರಿದಾಗದ ಹಣದ ಚೀಲಕ್ಕಾಗಿ ಒಬ್ಬನು ತನ್ನ ನೆರಳನ್ನೇ ಮಾರಿಬಿಡುತ್ತಾನೆ. ನೆರಳಿಗೆ ಬೆಲೆಯುಂಟೆಂದು ಆತನು ಎಣಿಸಿರಲಿಲ್ಲ. ಆದರೆ ನೆರಳಿಲ್ಲದವನನ್ನು ಸಮಾಜ ಹತ್ತಿರ ಸೇರಿಸದು. ಆತ್ಮವನ್ನು ಕೊಟ್ಟರೆ ನೆರಳನ್ನು ಮರಳಿಸುವೆನೆಂದು ಕೊಂಡವನು ಆಸೆ ತೋರಿದಾಗ ಮಾತ್ರ ಷ್ಲೆಮಿಲ್ ಒಪ್ಪುವುದಿಲ್ಲ. ಚೀಲವನ್ನು ಎಸೆದು, ಪ್ರಪಂಚವನ್ನು ಸುತ್ತಿ, ಪ್ರಕೃತಿಯ ಅಧ್ಯಯನದಲ್ಲಿ ತೊಡಗುತ್ತಾನೆ. ವ್ಯಾಪಾರದಲ್ಲಿರುವವರೆಲ್ಲರೂ ಓದಬೇಕಾದ ಕಥೆಯಿದು: ಮಾರಬಹುದಾದುದು ಯಾವುದು, ಮಾರಬಾರದುದು ಯಾವುದು ಎಂಬ ವಿವೇಕವೇ ಇದರ ತಿರುಳು.

ಕಥಾನಾಯಕನ ದಾರಿಯನ್ನೇ ಕಥೆಗಾರನೂ ಹಿಡಿದನು. 1815ರಲ್ಲಿ ‘ರೂರಿಕ್’ ಎಂಬ ರಷ್ಯನ್ ಹಡಗಿನಲ್ಲಿ, ಓಟೊ ಫಾನ್ ಕೋಟ್ಸೆಬು ಎಂಬ ನಾಯಕನ ಅಧೀನದಲ್ಲಿ, ನಿಸರ್ಗಶಾಸ್ತ್ರಜ್ಞನಾಗಿ ಮೂರು ವರ್ಷಗಳ ಭೂಪ್ರದಕ್ಷಿಣೆಗೆ ಹೊರಟನು. ಇಂಗ್ಲೆಂಡಿನ ಪ್ಲಿಮತ್ ಬಂದರನ್ನು ಬಿಟ್ಟು ಟೆನೆರೀಫ್ ದ್ವೀಪದತ್ತ ಸಾಗುವಾಗ ಸಾಲ್ಪಗಳೆಂಬ ಜೀವಿಗಳು ಸಮುದ್ರದಲ್ಲಿ ಹೇರಳವಾಗಿ ಕಂಡವು. ಗಾಜಿನಂತೆ ಪಾರದರ್ಶಕವಾದ ಮೈ, ಎರಡೂ ತುದಿ ತೆರೆದ ಸಣ್ಣ ಪೀಪಾಯಿಯಂಥ ಆಕಾರ. ನೀರನ್ನು ಒಳಗೆಳೆದು ಹಿಂದಕ್ಕೆ ದೂಡುತ್ತಾ ಮುಂದೆ ಸಾಗುತ್ತವೆ. ಕೆಲವು ಒಂಟಿಯಾಗಿದ್ದವು, ಕೆಲವು ಒಂದಕ್ಕೊಂದು ಅಂಟಿ ಸರಪಳಿಯಾಗಿದ್ದವು. ಇವು ಬೇರೆ ಬೇರೆ ಜಾತಿಯ ಪ್ರಾಣಿಗಳೆಂದು ಹಿಂದಿನವರು ಬೇರೆ ಬೇರೆ ಹೆಸರಿಟ್ಟಿದ್ದರು.

ಹಡಗಿನ ವೈದ್ಯ ಎಶ್‌ಶೋಲ್ಟ್ಸನೊಡನೆ ಷಾಮಿಸ್ಸೊ ಇವುಗಳನ್ನು ತಾಳ್ಮೆಯಿಂದ ಪರಿಶೀಲಿಸಿದನು. ಒಂಟಿ ಸಾಲ್ಪದ ಮೈಯೊಳಗೆ ಸರಪಳಿಯು ಮೊಳೆಯುತ್ತಿತ್ತು. ಸರಪಳಿಯ ಒಂದೊಂದು ಘಟಕದೊಳಗೂ ಒಂಟಿ ಸಾಲ್ಪದ ಶಿಶು ಬೆಳೆಯುತ್ತಿತ್ತು. ಅಂದರೆ ಇಲ್ಲಿ ಮಗು ತಾಯಿಯನ್ನು ಹೋಲುವುದಿಲ್ಲ, ಅಜ್ಜಿಯನ್ನು ಹೋಲುತ್ತದೆ. ಎರಡು ಜಾತಿಗಳೆಂದು ಬಗೆದದ್ದು ಒಂದೇ ಬಾಳಿನ ಎರಡು ತಲೆಮಾರು!

1819ರಲ್ಲಿ ಬರ್ಲಿನ್ನಿನಲ್ಲಿ ಷಾಮಿಸ್ಸೊ ಇದನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದಾಗ ಅನೇಕ ವಿದ್ವಾಂಸರು ಸಂದೇಹಪಟ್ಟರು. ಅವನು 1838ರಲ್ಲಿ ತೀರಿಕೊಂಡನು. 1842ರಲ್ಲಿ ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪ್ ಇತರ ಜೀವಿಗಳಲ್ಲಿಯೂ ಇಂತಹ ‘ತಲೆಮಾರುಗಳ ಪರ್ಯಾಯಕ್ರಮ’ವನ್ನು ತೋರಿಸಿಕೊಟ್ಟ ಬಳಿಕ ಷಾಮಿಸ್ಸೊನ ಮಾತಿಗೆ ಮನ್ನಣೆ ಬಂದಿತು. ‘ರ್‍ಯಾಟಲ್‌ಸ್ನೇಕ್’ ಹಡಗಿನಲ್ಲಿ ಸಮುದ್ರಜೀವಿಗಳನ್ನು ಅಭ್ಯಸಿಸಿದ್ದ ಇಂಗ್ಲೆಂಡಿನ ಹಕ್ಸ್‌ಲಿ 1851ರಲ್ಲಿ ಸಾಲ್ಪದ ಬಗ್ಗೆ ಬರೆದು, 1852ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ‘ಪ್ರಾಣಿಗಳ ವ್ಯಕ್ತಿತ್ವ’ವನ್ನು ಕುರಿತು ಉಪನ್ಯಾಸ ಮಾಡಿದನು. ಒಂದು ಅಂಡದಿಂದ ಹೊರಟದ್ದೆಲ್ಲವೂ ಸೇರಿ ಒಂದೇ ‘ವ್ಯಕ್ತಿ’ ಎಂಬುದು ಅವನ ವಾದ. ಅದರಂತೆ ಒಂಟಿ ಸಾಲ್ಪವೂ ಅದರಿಂದ ಬಂದ ನೂರಾರು ಸರಪಳಿಸಾಲ್ಪಗಳೂ ಕೂಡಿ ಒಬ್ಬನೇ ಆಸಾಮಿ!

ಲೆಕ್ಕಶಾಸ್ತ್ರದಲ್ಲಿಯೂ ಹೀಗುಂಟು. ಹತ್ತು ಶಾಖೆಗಳಿದ್ದರೂ ಅಂಗಡಿಯ ಖಾತೆ ಒಂದೇ. ಆದರೆ ಖಾತೆಯ ಏಕತ್ವ ಬೇರೆ, ಜೀವದ ಏಕತ್ವ ಬೇರೆ. ಸರಪಳಿಯ ಪ್ರತಿಯೊಂದು ಸಾಲ್ಪಕ್ಕೂ ತನ್ನದೇ ನರಗ್ರಂಥಿಯುಂಟು, ಬೆಳಕನ್ನರಿಯುವ ತನ್ನದೇ ಕಣ್ಣುಂಟು. ವಂಶದಿಂದ ಒಂದೆಂದು ಎಣಿಸಿದರೂ ಅನುಭವಿಸುವ ಮೈಗಳು ಅನೇಕ. ದ್ರವ್ಯ ಮತ್ತು ಪರ್ಯಾಯಗಳ ಭೇದವನ್ನು ಬಲ್ಲ ನಮ್ಮ ವಾಚಕರಿಗೆ ಈ ಎರಡು ರೂಪಗಳು ಒಂದೇ ದ್ರವ್ಯದ ಎರಡು ಪರ್ಯಾಯಗಳೆಂದು ತೋರಬಹುದು. ಆ ಸಾಮ್ಯವನ್ನು ಅವಸರದಿಂದ ಎಳೆಯಬಾರದು. ಸಾಲ್ಪದಲ್ಲಿ ರೂಪ ಮಾತ್ರವಲ್ಲ, ದೇಹವೂ ಬೇರೆಯಾಗುತ್ತದೆ. ಅಹಿಂಸೆಯ ದೃಷ್ಟಿಗೆ ಮುಖ್ಯವಾದುದು ವಿದ್ವಾಂಸರ ಎಣಿಕೆಯಲ್ಲ. ನೋವನ್ನು ಉಣ್ಣಬಲ್ಲ ಒಂದೊಂದು ಮೈಯೂ ಗಣನೆಗೆ ಬರಬೇಕೆಂಬುದು.

ಈ ಇತಿಹಾಸದಿಂದ ಮನುಷ್ಯವ್ಯವಹಾರಕ್ಕೂ ಒಂದು ಪಾಠವುಂಟು. ಒಂದು ಕ್ಷಣದ ರೂಪವನ್ನು ನೋಡಿ ಹೆಸರಿಟ್ಟವರು ಒಂದೇ ಜೀವಿಯನ್ನು ಎರಡೆಂದರು. ಬಾಳಿನ ಸುತ್ತು ಪೂರ್ಣವಾಗುವವರೆಗೆ ಕಾದವನಿಗೆ ಸತ್ಯವು ಗೋಚರಿಸಿತು. ವಲಸೆ ಬಂದವನನ್ನು, ಭಾಷೆ ಬದಲಿಸಿದವನನ್ನು, ತಂದೆಯ ಕಸಬನ್ನು ಬಿಟ್ಟ ಮಗನನ್ನು ಕಂಡೊಡನೆ ‘ಇವನು ನಮ್ಮವನಲ್ಲ’ ಎಂದು ನಾವು ಪಟ್ಟಿ ಹಚ್ಚುತ್ತೇವೆ. ಷಾಮಿಸ್ಸೊಗೂ ಎರಡು ದೇಶಗಳವರು ಹೀಗೆಯೇ ಪಟ್ಟಿ ಹಚ್ಚಿದ್ದರು. ಹೋಲಿಕೆಯೊಂದೇ ಗುರುತಲ್ಲ, ಹುಟ್ಟೊಂದೇ ಗುರುತಲ್ಲ. ಯಾವುದನ್ನು ಎಷ್ಟು ಬೆಲೆಗೂ ಮಾರಲು ಒಪ್ಪುವುದಿಲ್ಲವೋ ಅದರಿಂದಲೇ ಮನುಷ್ಯನು ತಾನು ಯಾರೆಂಬುದನ್ನು ಅರಿಯಬಲ್ಲನು.